ರಸ್ತೆ ಅಪಘಾತ ಮತ್ತು ಸಹಕಾರ ಸಂಘದ ಹೊಣೆ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಸಂತೋಷದ ಹೊತ್ತಿನಲ್ಲಿ ಅಪಘಾತದ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಅಧ್ಯಕ್ಷರು ನನ್ನನ್ನು ಕರೆಯಲು ಬಂದಾಗ, "ಹೊಗಳಿಕೆಯ ಭಾಷಣ ಮಾಡೋರು ಬೇಕಾದಷ್ಟು ಜನ ಇದ್ದಾರೆ. ನೀವು ಕೋರ್ಟಿನಲ್ಲಿ ದಿನಾ ನೋಡೋದನ್ನ ನಮ್ಮ ಜನಕ್ಕೆ ತಿಳಿಯೋ ಹಾಗೆ ಹೇಳಿ, ಸಾಕು" ಎಂದರು. ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳನ್ನು ನಡೆಸುವ ವಕೀಲ ನಾನು. ಆದ್ದರಿಂದ ನನಗೆ ಗೊತ್ತಿರುವ ವಿಷಯವನ್ನೇ ನಾಲ್ಕು ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಯಾರದ್ದಾದರೂ ವಿಮೆ ಮಾಡಿಸಿದ ಹಸು ಸತ್ತರೆ ಏನು ಮಾಡುತ್ತೀರಿ? ಇಲ್ಲಿರುವ ಹೆಣ್ಣುಮಕ್ಕಳೂ ಥಟ್ಟನೆ ಹೇಳುತ್ತಾರೆ. ಹಸುವನ್ನು ಹೂಳಬಾರದು, ಕಿವಿಯೋಲೆ ಕೀಳಬಾರದು, ಕಾರ್ಯದರ್ಶಿಗೆ ತಿಳಿಸಬೇಕು, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು, ಫೋಟೋ ತೆಗೆಸಬೇಕು, ಅರ್ಜಿ ತುಂಬಬೇಕು. ಸಂಘ ಇದೆಲ್ಲವನ್ನೂ ನಿಮಗೆ ಕಲಿಸಿಕೊಟ್ಟಿದೆ. ಬಹಳ ಒಳ್ಳೆಯದು.

ಈಗ ಎರಡನೆಯ ಪ್ರಶ್ನೆ. ಅದೇ ಹಸುವಿನ ಹಾಲನ್ನು ಕ್ಯಾನಿನಲ್ಲಿ ತುಂಬಿ ನಸುಕಿನಲ್ಲಿ ಡೇರಿಗೆ ಹೊರಟ ಯಜಮಾನನಿಗೆ ಲಾರಿ ಬಡಿದರೆ ಏನು ಮಾಡಬೇಕು? ಯಾರಿಗೆ ಫೋನು? ಯಾವ ಕಾಗದ? ಎಷ್ಟು ದಿನದೊಳಗೆ? ಈ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಬರುವುದಿಲ್ಲ. ಯಾವ ಊರಿಗೆ ಹೋದರೂ ಇದೇ ಕಥೆ. ಹಸುವಿಗೆ ಇರುವ ವ್ಯವಸ್ಥೆ ಹಸು ಸಾಕಿದವನಿಗೆ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಇದಿಷ್ಟೇ.

ಇದು ಅಪರೂಪಕ್ಕೆ ಆಗುವ ಸಂಗತಿ ಎಂದು ಯಾರೂ ತಿಳಿಯಬಾರದು. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕವೊಂದರಲ್ಲೇ 11,702 ಜನ. ದಿನಕ್ಕೆ 32 ಮನೆಗಳಲ್ಲಿ ಹೆಣ ಬಿತ್ತು ಎಂದಾಯಿತು. ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ನೂರರಲ್ಲಿ 68 ಸಾವುಗಳು ಆಗಿದ್ದು ಗ್ರಾಮಾಂತರ ಪ್ರದೇಶದಲ್ಲಿ. ಪಟ್ಟಣದಲ್ಲಿ ಗಾಡಿಗಳು ಜಾಸ್ತಿ, ಅಪಘಾತವೂ ಅಲ್ಲೇ ಅಂದುಕೊಂಡಿದ್ದೇವೆ. ಸಾವು ಜಾಸ್ತಿ ನಮ್ಮ ಕಡೆ. ವೇಗವಾಗಿ ಓಡುವ ಹೆದ್ದಾರಿ, ದೀಪವಿಲ್ಲದ ತಿರುವು, ದೂರದ ಆಸ್ಪತ್ರೆ, ಇವೆಲ್ಲ ಸೇರಿದರೆ ಹೀಗಾಗುತ್ತದೆ.

ಮೊದಲು, ಬಿದ್ದವರನ್ನು ಎತ್ತುವ ವಿಚಾರ. ನಮ್ಮ ಜನ ಕಲ್ಲುಹೃದಯದವರಲ್ಲ. ಬಾವಿಗೆ ಬಿದ್ದ ಕರುವನ್ನು ಎತ್ತಲು ಊರಿಗೆ ಊರೇ ಸೇರುತ್ತದೆ. ಆದರೆ ರಸ್ತೆಯಲ್ಲಿ ಮನುಷ್ಯ ಬಿದ್ದಿದ್ದರೆ ದೂರ ನಿಂತು ನೋಡುತ್ತೇವೆ. ಕಾರಣ ಒಂದೇ, ಪೊಲೀಸು, ಕೋರ್ಟು, ಸಾಕ್ಷಿ ಅಂತ ಅಲೆಯಬೇಕಾಗುತ್ತದೆ ಎಂಬ ಭಯ. ಹಿಂದಿನ ಕಾಲದಲ್ಲಿ ಈ ಭಯಕ್ಕೆ ಅರ್ಥವಿತ್ತು. ಈಗ ಇಲ್ಲ. ಗಾಯಾಳು ಬಂದಾಗ ಯಾವ ವೈದ್ಯರೂ ಪೊಲೀಸ್ ಕೇಸು ಎಂಬ ನೆಪ ಹೇಳಿ ತುರ್ತು ಚಿಕಿತ್ಸೆ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತು. ನೆರವಿಗೆ ಬಂದವರಿಗೆ ಕಿರುಕುಳ ಕೊಡಬಾರದು ಎಂಬ ಮಾರ್ಗಸೂಚಿಗಳಿಗೆ ಅದೇ ನ್ಯಾಯಾಲಯ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕವೂ ಇದಕ್ಕಾಗಿ ಪ್ರತ್ಯೇಕ ಕಾಯಿದೆ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೇ 134ಎ ಎಂಬ ಕಲಮನ್ನು ಸೇರಿಸಿದರು.

ಇದರ ಸಾರ ಇಷ್ಟೇ. ನೀವು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಹೊರಟುಬಿಡಬಹುದು. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂಬ ಬಲವಂತ ಇಲ್ಲ. ದುಡ್ಡು ಕಟ್ಟಿ ಎಂದು ನಿಮ್ಮನ್ನು ತಡೆದು ನಿಲ್ಲಿಸುವಂತಿಲ್ಲ. ಸಾಕ್ಷಿ ಹೇಳುವುದು ಬಿಡುವುದು ನಿಮ್ಮ ಇಷ್ಟ. ಸದುದ್ದೇಶದಿಂದ ನೆರವಾಗಿದ್ದು, ಆಮೇಲೆ ಆ ಜೀವ ಉಳಿಯದೇ ಹೋದರೂ ನಿಮ್ಮ ಮೇಲೆ ಕೇಸಿಲ್ಲ. ಬದಲಿಗೆ, ಗಂಭೀರ ಗಾಯವಾದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 2021ರಿಂದ 5,000 ರೂಪಾಯಿ ಬಹುಮಾನ ಕೊಡುತ್ತಿತ್ತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿದೆ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಹರೀಶ್ ಎಂಬ ಯುವಕ ಲಾರಿಗೆ ಸಿಕ್ಕು ದೇಹವೇ ಎರಡು ಭಾಗವಾಗಿ ರಸ್ತೆಯ ಮೇಲೆ ಬಿದ್ದಿದ್ದರು. ಆ ಸ್ಥಿತಿಯಲ್ಲೂ ಆತ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಅದಾದ ಮೇಲೆಯೇ ನಮ್ಮ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವ ಸಾಂತ್ವನ ಯೋಜನೆಯನ್ನು ತಂದಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ರಸ್ತೆಯಲ್ಲಿ ಅಪಘಾತವಾದರೂ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಯೋಜನೆಗೆ ಅಧಿಸೂಚನೆ ಹೊರಡಿಸಿತು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಈ ಯೋಜನೆಯ ಹೆಸರೆತ್ತಿ ಕೇಳುವವರು ಬೇಕು. ಅಳುತ್ತಾ ಕೂತ ಹೆಂಡತಿಯೋ ತಾಯಿಯೋ ಕೇಳಲಾರರು. ಜೊತೆಗೆ ಹೋದವರು ಕೇಳಬೇಕು.

ಎತ್ತುವುದರಲ್ಲೂ ಒಂದು ಕ್ರಮ ಇದೆ. ಮೊದಲು 108ಕ್ಕೆ ಫೋನು ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಮಾಡಬಹುದು, ಪೊಲೀಸರಿಗೆ 112. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಟವೆಲ್ಲನ್ನೋ ಪಂಚೆಯನ್ನೋ ಮಡಿಸಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಾಯಿಗೆ ನೀರು ಹಾಕಬೇಡಿ. ನಮ್ಮಲ್ಲಿ ಇದೊಂದು ದೊಡ್ಡ ತಪ್ಪು, ಪ್ರಜ್ಞೆ ಇಲ್ಲದವನಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೈಕಾಲು ಹಿಡಿದು ಮೂಟೆಯಂತೆ ಎತ್ತಿ ಆಟೋದಲ್ಲಿ ಮಡಿಸಿ ಕೂರಿಸಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಮಲಗಿಸಿ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ, ಕುತ್ತಿಗೆ ತಿರುಚದಂತೆ ಇಡೀ ಮೈಯನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸಿ. ವಾಂತಿ, ರಕ್ತ ಗಂಟಲಿಗೆ ಕಟ್ಟದೆ ಹೊರಗೆ ಬರುತ್ತದೆ. ಇದನ್ನು ಕಲಿಯಲು ಡಾಕ್ಟರಾಗಬೇಕಿಲ್ಲ, ಅರ್ಧ ದಿನ ಸಾಕು.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಅಪಘಾತವಾದ ಮೇಲೆ ಕುಟುಂಬಗಳು ಹಾಳಾಗುವುದು ಬಹಳ ಸಲ ರಸ್ತೆಯಲ್ಲಲ್ಲ, ಪಂಚಾಯ್ತಿ ಕಟ್ಟೆಯಲ್ಲಿ. "ಆದದ್ದು ಆಗಿಹೋಯ್ತು, ಕೇಸು ಗೀಸು ಬೇಡ, ಐವತ್ತು ಸಾವಿರ ಕೊಡಿಸ್ತೀವಿ, ರಾಜಿ ಮಾಡ್ಕೊಳ್ಳಿ" ಎಂದು ದೊಡ್ಡವರು ಹೇಳುತ್ತಾರೆ. ದುಃಖದಲ್ಲಿರುವ ಹೆಣ್ಣುಮಗಳು ಹೆಬ್ಬೆಟ್ಟು ಒತ್ತುತ್ತಾಳೆ. "ದೇಹ ಕುಯ್ಯೋದು ಬೇಡ" ಎಂದು ಮರಣೋತ್ತರ ಪರೀಕ್ಷೆಯೂ ಇಲ್ಲದೆ ಮಣ್ಣು ಮಾಡುತ್ತಾರೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ, ಸಾಲಗಾರರು ಬಾಗಿಲಿಗೆ ಬಂದಾಗ, ಆ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮಂಥವರ ಕಚೇರಿಗೆ ಬರುತ್ತಾಳೆ. ಎಫ್‌ಐಆರ್ ಇಲ್ಲ, ಶವಪರೀಕ್ಷೆ ವರದಿ ಇಲ್ಲ, ಗಾಡಿ ನಂಬರಿಲ್ಲ. ನಾವು ಏನು ಮಾಡೋದು ಹೇಳಿ? ಹಸು ಸತ್ತಾಗ ಮರಣೋತ್ತರ ಪರೀಕ್ಷೆ ಬೇಕೇ ಬೇಕು ಎಂದು ಗೊತ್ತಿರುವ ನಮಗೆ ಮನುಷ್ಯ ಸತ್ತಾಗ ಅದು ಮರೆತುಹೋಗುತ್ತದೆ.

ಆ ಐವತ್ತು ಸಾವಿರದ ಎದುರಿಗೆ ಕಾನೂನಿನ ಲೆಕ್ಕ ಎಷ್ಟು ಬರುತ್ತದೆ, ನೋಡೋಣ. 35 ವರ್ಷದ ರೈತ, ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ಎಲ್ಲ ಸೇರಿ ತಿಂಗಳಿಗೆ 15,000 ರೂಪಾಯಿ ಸಂಪಾದನೆ ಎಂದು ರುಜುವಾತಾಯಿತು ಅನ್ನಿ. ಸುಪ್ರೀಂ ಕೋರ್ಟಿನ 2009ರ ಮತ್ತು 2017ರ ತೀರ್ಪುಗಳ ಪ್ರಕಾರ, ಸ್ವಂತ ದುಡಿಮೆಯವನಾಗಿ 40 ವರ್ಷದ ಒಳಗಿನವನಾದ್ದರಿಂದ ಮುಂದಿನ ಏಳಿಗೆಗಾಗಿ ನೂರಕ್ಕೆ 40 ಸೇರಿಸಬೇಕು, 21,000 ಆಯಿತು. ನಾಲ್ಕು ಜನ ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆಯಬೇಕು, 15,750 ಉಳಿಯಿತು. ವರ್ಷಕ್ಕೆ 1,89,000. ಅವನ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ತಪ್ಪು ಎದುರಿನ ಗಾಡಿಯದಾಗಿದ್ದು ಅದಕ್ಕೆ ವಿಮೆ ಇದ್ದರೆ, ಇದನ್ನು ವಿಮಾ ಕಂಪನಿ ಕಟ್ಟಬೇಕು. ಮೂವತ್ತು ಲಕ್ಷದ ಹಕ್ಕನ್ನು ಐವತ್ತು ಸಾವಿರಕ್ಕೆ ಬಿಟ್ಟುಕೊಡುವ ರಾಜಿ ಯಾವ ಸೀಮೆ ನ್ಯಾಯ?

ಆದರೆ "ಸಂಪಾದನೆ ರುಜುವಾತಾದರೆ" ಎಂದೆನಲ್ಲ, ತೊಡಕಿರುವುದು ಅಲ್ಲೇ. ನೌಕರನಿಗೆ ಸಂಬಳದ ಚೀಟಿ ಇರುತ್ತದೆ, ರೈತನಿಗೆ ಏನಿದೆ? ಇದೆ. ನಿಮ್ಮ ಸಂಘದ ಹಾಲಿನ ಪಾಸ್‌ಪುಸ್ತಕ ಇದೆ. ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ಬಟವಾಡೆ ಎಂಬುದು ವರ್ಷಾನುಗಟ್ಟಲೆ ಬರೆದಿಟ್ಟ ಲೆಕ್ಕ. ಈ ಲೆಕ್ಕದ ದೃಢೀಕರಿಸಿದ ಪ್ರತಿಯನ್ನು ಕಾರ್ಯದರ್ಶಿಗಳು ಕೊಟ್ಟರೆ ನ್ಯಾಯಾಧೀಶರ ಮುಂದೆ ಅದು ಬೆಲೆಯುಳ್ಳ ಸಾಕ್ಷ್ಯ. ತಾಯಂದಿರಿಗೂ ಒಂದು ಮಾತು. ಮನೆಗೆಲಸ ಮಾಡುವ ಹೆಣ್ಣಿಗೆ ಆದಾಯವಿಲ್ಲ ಎನ್ನುವಂತಿಲ್ಲ, ಆಕೆಯ ದುಡಿಮೆಗೂ ಬೆಲೆ ಕಟ್ಟಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಹಾಲು ಕರೆಯುವವರು ನೀವು, ಹುಲ್ಲು ಹಾಕುವವರು ನೀವು. ಪಾಸ್‌ಪುಸ್ತಕ ಮಾತ್ರ ಯಜಮಾನರ ಹೆಸರಿನಲ್ಲಿ! ಇದನ್ನು ಆಡಳಿತ ಮಂಡಳಿ ಯೋಚಿಸಬೇಕು.

ಕೆಲವು ವಾಯಿದೆಗಳನ್ನು ನೆನಪಿಡಿ. 2019ರ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು, ಈ ನಿಯಮ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ಅಪಘಾತ ಬಳ್ಳಾರಿಯಲ್ಲೇ ಆಗಿರಲಿ, ಬೆಳಗಾವಿಯಲ್ಲೇ ಆಗಿರಲಿ, ನೀವು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ವಕೀಲನಾಗಿ ನಾನೇ ಇದನ್ನು ಹೇಳುತ್ತಿದ್ದೇನೆ, ನಂಬಿ.

ಬಡಿದ ಗಾಡಿ ಯಾವುದೆಂದೇ ಗೊತ್ತಾಗದೆ ಓಡಿಹೋದರೆ? ಆಗಲೂ ಕೈಚೆಲ್ಲಿ ಕೂರಬೇಕಾಗಿಲ್ಲ. 2022ರ ಯೋಜನೆಯಂತೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ಸಿಗುತ್ತದೆ. ಅರ್ಜಿ ಕೊಡಬೇಕಾದದ್ದು ತಹಸೀಲ್ದಾರರಿಗೋ ಉಪವಿಭಾಗಾಧಿಕಾರಿಗೋ. ಮೊದಲು ಸಾವಿಗೆ 25,000 ಮಾತ್ರ ಇತ್ತು. ಹೆಚ್ಚಾದದ್ದು ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ. "ನನ್ನ ಗಾಡಿಗೆ ಇನ್ಷೂರೆನ್ಸ್ ಇದೆ, ನನಗೇನಾದ್ರೂ ಆದ್ರೆ ಬರುತ್ತೆ" ಎನ್ನುತ್ತಾರೆ. ಮೂರನೇ ವ್ಯಕ್ತಿಯ ವಿಮೆ ಎನ್ನುವುದು ನೀವು ಬೇರೆಯವರಿಗೆ ಮಾಡಿದ ನಷ್ಟಕ್ಕೆ. ನೀವೇ ಹಳ್ಳಕ್ಕೆ ಬಿದ್ದರೆ ಅದರಿಂದ ಬಿಡಿಗಾಸೂ ಇಲ್ಲ. ಅದಕ್ಕಾಗಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂದು ಬೇರೆ ಇದೆ, ಅದರ ಮೊತ್ತ 15 ಲಕ್ಷ. ಪಾಲಿಸಿ ಕಾಗದದಲ್ಲಿ ಅದಕ್ಕೆ ಹಣ ಕಟ್ಟಿಸಿಕೊಂಡಿದ್ದಾರೋ ಇಲ್ಲವೋ ಇವತ್ತೇ ಮನೆಗೆ ಹೋಗಿ ನೋಡಿ. ಚಾಲನಾ ಪರವಾನಗಿ ಚಾಲ್ತಿಯಲ್ಲಿರಬೇಕು. ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆ, ವರ್ಷಕ್ಕೆ ಬರೀ 20 ರೂಪಾಯಿ. 18ರಿಂದ 70 ವರ್ಷದವರೆಗಿನ ಯಾರೇ ಬ್ಯಾಂಕ್ ಖಾತೆದಾರರೂ ಮಾಡಿಸಬಹುದು, ಅಪಘಾತದ ಸಾವಿಗೆ ಎರಡು ಲಕ್ಷ. ಬಟವಾಡೆ ಬೀಳುವ ಖಾತೆಯಿಂದಲೇ ಮುರಿದುಕೊಳ್ಳುತ್ತಾರೆ. ಒಂದು ಲೀಟರು ಹಾಲಿನ ದುಡ್ಡೂ ಆಗಲಿಲ್ಲ!

ಈಗ ಅಪಘಾತವೇ ಆಗದಂತೆ ನೋಡಿಕೊಳ್ಳುವ ಮಾತು. ಹಾಲು ತರುವ ಹೊತ್ತು ನಸುಕು ಇಲ್ಲವೇ ಮುಸ್ಸಂಜೆ. ಕಣ್ಣಿಗೆ ಸರಿಯಾಗಿ ಏನೂ ಕಾಣದ ಹೊತ್ತು. ಟಿವಿಎಸ್‌ನ ಒಂದೇ ಪಕ್ಕಕ್ಕೆ ತುಂಬಿದ ಕ್ಯಾನು ನೇತುಹಾಕಿದರೆ ಗಾಡಿ ಆ ಕಡೆಗೇ ವಾಲುತ್ತದೆ, ತಿರುವಿನಲ್ಲಿ ಕೈಗೆ ಸಿಗುವುದಿಲ್ಲ. ಎರಡು ಪಕ್ಕಕ್ಕೂ ಸಮವಾಗಿ ಕಟ್ಟಿ. ಹೆಲ್ಮೆಟ್ ವಿಚಾರ ಬಂದರೆ, "ಇಲ್ಲೇ ಡೇರಿಗೆ ತಾನೇ" ಎನ್ನುತ್ತೀರಿ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಜನ, ಅದರಲ್ಲಿ ಹಿಂದೆ ಕೂತವರೇ 14,000ಕ್ಕೂ ಹೆಚ್ಚು. ಅರ್ಧ ಬುರುಡೆಗೆ ಮುಚ್ಚುವ ಟೋಪಿಯಂಥದ್ದು ಹೆಲ್ಮೆಟ್ ಅಲ್ಲ. ಐಎಸ್‌ಐ ಗುರುತು ಇರಬೇಕು, ಪಟ್ಟಿ ಬಿಗಿದಿರಬೇಕು.

ವೇಗದ ಲೆಕ್ಕವನ್ನೂ ಕೇಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. 72ರಲ್ಲಿ 20 ಮೀಟರ್. ಕರು ಅಡ್ಡ ಬಂತು ಎಂದು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಕಳೆದುಹೋಗಿರುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಯುವಕರು ಇದನ್ನು ಒಮ್ಮೆ ಖಾಲಿ ಮೈದಾನದಲ್ಲಿ ಅಳೆದು ನೋಡಲಿ.

ಟ್ರ್ಯಾಕ್ಟರ್ ಮಾಲೀಕರಿಗೆ ಎರಡು ಮಾತು. ಒಂದೇ ಲೈಟು ಉರಿಯುವ ಟ್ರ್ಯಾಕ್ಟರು ಎದುರಿನವನಿಗೆ ಬೈಕಿನಂತೆ ಕಾಣುತ್ತದೆ. ಟ್ರೈಲರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ, ಎತ್ತಿನ ಗಾಡಿಗೂ ಅಂಟಿಸಿ. ಜಾತ್ರೆಗೆ, ಬೀಗರೂಟಕ್ಕೆ ಟ್ರೈಲರಿನಲ್ಲಿ ಜನ ತುಂಬಬೇಡಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಇದೆ. ಮಗುಚಿದರೆ ಸತ್ತವರ ಮನೆಯೂ ಹಾಳು, ಪರಿಹಾರ ಕಟ್ಟಲು ಹೊಲ ಮಾರಿದ ಮಾಲೀಕನ ಮನೆಯೂ ಹಾಳು. ಎರಡೂ ನಮ್ಮ ಊರಿನ ಮನೆಗಳೇ. ಡಾಂಬರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವುದನ್ನೂ ಬಿಡಬೇಕು. ಬೈಕಿನವನಿಗೆ ಅದು ಜಾರುಬಂಡೆ. ಕಣಕ್ಕೆ ಜಾಗವಿಲ್ಲ ಎನ್ನುವುದು ನಿಜವಾದ ಕಷ್ಟ, ಸಂಘ ಮತ್ತು ಪಂಚಾಯ್ತಿ ಸೇರಿ ಊರಿಗೊಂದು ಸಾಮೂಹಿಕ ಕಣ ಮಾಡಿಕೊಡಲಿ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟು ಹಾಲು ಕಳಿಸುವ ತಂದೆಗೆ 25,000 ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾಯಿದೆ ಹೇಳುತ್ತದೆ.

ಇಷ್ಟೆಲ್ಲವನ್ನೂ ಒಬ್ಬೊಬ್ಬರೇ ನೆನಪಿಟ್ಟುಕೊಳ್ಳುವುದು ಆಗದ ಮಾತು. ಅದಕ್ಕೇ ಸಂಘ ಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಕಷ್ಟಕ್ಕೆ ಸಿಕ್ಕ ರೈತ ಸಾಹುಕಾರನ ಬಾಗಿಲಿಗೆ ಹೋಗಬಾರದು ಎಂದು. ಇವತ್ತು ರೈತನನ್ನು ಒಂದೇ ದಿನದಲ್ಲಿ ಸಾಲಕ್ಕೆ ದೂಡುವ ಕಷ್ಟ ಯಾವುದು ಎಂದರೆ ರಸ್ತೆ ಅಪಘಾತವೂ ಅದರಲ್ಲಿ ಒಂದು. ಆದ್ದರಿಂದ ಈ ಕೆಲಸ ಸಂಘಕ್ಕೆ ಹೊರಗಿನದಲ್ಲ. ನನ್ನ ಸಲಹೆಗಳು ಇವು.

ಒಂದು, ಡೇರಿಯ ಗೋಡೆಯ ಮೇಲೆ ತುರ್ತು ನಂಬರುಗಳನ್ನೂ, ಹತ್ತಿರದಲ್ಲಿ ನಗದಿಲ್ಲದೆ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ. ಒಳಗೆ ಒಂದು ಸ್ಟ್ರೆಚರ್ ಇಡಿ.

ಎರಡು, ಐದಾರು ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ ಕಲಿಸಿ.

ಮೂರು, ಪಶು ಆಹಾರವನ್ನು ಸಾಲಕ್ಕೆ ಕೊಟ್ಟು ಬಟವಾಡೆಯಲ್ಲಿ ಮುರಿದುಕೊಳ್ಳುವ ಹಾಗೆ, ಹೆಲ್ಮೆಟ್ಟನ್ನೂ ಕಂತಿನಲ್ಲಿ ಕೊಡಿ. ಪ್ರತಿ ಮೇ ತಿಂಗಳಲ್ಲಿ ಸದಸ್ಯರ 20 ರೂಪಾಯಿ ವಿಮೆ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ.

ನಾಲ್ಕು, ಅಪಘಾತವಾದ ಮನೆಗೆ ಸಂಘದಿಂದ ಒಬ್ಬರನ್ನು ಗೊತ್ತುಮಾಡಿ, ಒಂದು ಕಡತ ತೆರೆಯಿರಿ. ಎಫ್‌ಐಆರ್ ಪ್ರತಿ, ಶವಪರೀಕ್ಷೆ ಅಥವಾ ಗಾಯದ ಪ್ರಮಾಣಪತ್ರ, ಆಸ್ಪತ್ರೆ ಬಿಲ್ಲುಗಳು, ಎರಡೂ ಗಾಡಿಗಳ ವಿಮೆ ಕಾಗದ, ಪರವಾನಗಿ, ಹಾಲಿನ ಲೆಕ್ಕ, ಎಲ್ಲ ಅದರಲ್ಲಿರಲಿ. ಆರು ತಿಂಗಳು ಮುಗಿಯುವ ತಾರೀಕನ್ನು ಕಡತದ ಮೇಲೇ ಕೆಂಪು ಶಾಯಿಯಲ್ಲಿ ಬರೆಯಿರಿ.

ಐದು, ಇದು ಮುಖ್ಯ. ಯಜಮಾನ ಆಸ್ಪತ್ರೆಯಲ್ಲಿದ್ದಾಗಲೂ ಹಸು ಹೊತ್ತಿಗೆ ಸರಿಯಾಗಿ ಕೆಚ್ಚಲು ಬಿಡುತ್ತದೆ. ಕರೆಯುವವರು ಯಾರು? ಹಿಂದೆ ನಾಟಿಗೆ, ಕಟಾವಿಗೆ ಮುಯ್ಯಾಳು ಮಾಡುತ್ತಿದ್ದೆವು. ಅದೇ ರೀತಿ ಆ ಮನೆಯ ಹಸುವನ್ನು ಅಕ್ಕಪಕ್ಕದವರು ಸರದಿಯಂತೆ ಕರೆದು ಹಾಲು ಹಾಕಲಿ. ಬಟವಾಡೆ ನಿಲ್ಲದಿದ್ದರೆ ಮಕ್ಕಳ ಊಟ ನಿಲ್ಲುವುದಿಲ್ಲ, ಹಸು ಮಾರುವ ಪ್ರಸಂಗ ಬರುವುದಿಲ್ಲ. ಕಾಲು ಕಳೆದುಕೊಂಡು ಮನೆಗೆ ಬಂದವನಿಗೂ ಸಂಘದಲ್ಲಿ ಕೂತು ಮಾಡುವ ಕೆಲಸವೇನಾದರೂ ಇದೆಯೇ ನೋಡಿ. ಅಯ್ಯೋ ಪಾಪ ಎನ್ನುವ ನೂರು ಮಾತಿಗಿಂತ ಅದು ಮೇಲು.

ರಸ್ತೆಯಲ್ಲಿ ಮಡಿದವರ, ನೊಂದವರ ನೆನಪಿಗಾಗಿ ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೇ ಭಾನುವಾರವನ್ನು ಲೋಕವೆಲ್ಲ ಆಚರಿಸುತ್ತದೆ. 1993ರಲ್ಲಿ ಬ್ರಿಟನ್ನಿನಲ್ಲಿ ನೊಂದ ಕುಟುಂಬಗಳ ನಡುವೆ ಹುಟ್ಟಿದ ಈ ದಿನಕ್ಕೆ 2005ರಲ್ಲಿ ವಿಶ್ವಸಂಸ್ಥೆ ಮನ್ನಣೆ ಕೊಟ್ಟಿತು. ಆ ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಹತ್ತು ನಿಮಿಷ ಡೇರಿಯ ಮುಂದೆ ಸೇರಿ. ಊರು ಕಳೆದುಕೊಂಡವರ ಹೆಸರನ್ನು ಒಮ್ಮೆ ಹೇಳಿ. ಅವರ ಮನೆಯವರ ಕೆಲಸ ಎಲ್ಲಿಗೆ ಬಂತು ಎಂದು ಕಡತ ತೆಗೆದು ನೋಡಿ. ಖರ್ಚಿಲ್ಲದ ಕಾರ್ಯಕ್ರಮ ಅದು.

ಇಪ್ಪತ್ತೈದು ವರ್ಷ ಹನಿ ಹನಿ ಹಾಲಿನ ಲೆಕ್ಕ ತಪ್ಪದೆ ಇಟ್ಟ ಸಂಘ ಇದು. ಹಾಲು ತಂದವರ ಜೀವದ ಲೆಕ್ಕವನ್ನೂ ಇನ್ನು ಮುಂದೆ ಇಡಲಿ ಎಂದು ಹಾರೈಸುತ್ತೇನೆ. ಇವತ್ತಿನ ಸಭೆಯಲ್ಲೇ ಆ ಕಡತಕ್ಕೆ ಒಬ್ಬರನ್ನು ಗೊತ್ತುಮಾಡಿದರೆ ನಾನು ಬಂದದ್ದು ಸಾರ್ಥಕ. ಕಾಗದ ಪತ್ರ ನೋಡಿಕೊಡಲು ನಾನು ಯಾವ ಭಾನುವಾರ ಕರೆದರೂ ಬರುತ್ತೇನೆ, ಫೀಸು ಒಂದು ಲೋಟ ಮಜ್ಜಿಗೆ.

 ಎಲ್ಲರೂ ನಿಧಾನವಾಗಿ, ಜೋಪಾನವಾಗಿ ಮನೆ ಸೇರಿಕೊಳ್ಳಿ.